ಮೊದಲು ತೂತು ಅಳೆಯಿರಿ

(ಶಿರಸಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಸೈಕಲ್ ಆಸಕ್ತರೆದುರು ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ದಯಮಾಡಿ ಮುಂದೆ ಬನ್ನಿ. ಇಲ್ಲಿ ತೋರಿಸುವ ಸಾಮಾನೆಲ್ಲ ಸಣ್ಣಸಣ್ಣದು, ಅಲ್ಲಿಗೆ ಕಾಣುವುದಿಲ್ಲ.

ಮೇಜಿನ ಮೇಲೆ ನಾಲ್ಕು ವಸ್ತು ಇಟ್ಟಿದ್ದೇನೆ. ಒಂದು ಹಳೇ ಅಲ್ಯೂಮಿನಿಯಂ ಫ್ರೇಮು, ಮುಂದಿನ ಚಕ್ರ ಹಿಡಿಯುವ, ಗಾಳಿ ತುಂಬುವ ಒಂದು ಏರ್ ಫೋರ್ಕು, ಒಂದು ಸವೆದ ಚೈನು, ಒಂದು ವರ್ನಿಯರ್ ಕ್ಯಾಲಿಪರ್. ನಾಲ್ಕರಲ್ಲಿ ಅಗ್ಗದ್ದು ವರ್ನಿಯರ್. ನನ್ನ ಮನೆಗೆ ಅದು ಎಲ್ಲಕ್ಕಿಂತ ಕೊನೆಗೆ ಬಂತು. ಮೊದಲೇ ಬಂದಿದ್ದರೆ ಈ ಫೋರ್ಕು ಇಲ್ಲಿ ಇರುತ್ತಿರಲಿಲ್ಲ.

ಫೋರ್ಕಿನ ಕತೆ ಹೇಳಿಬಿಡುತ್ತೇನೆ. ಆ ವರ್ಷ ಅಡಿಕೆಗೆ ಒಳ್ಳೆ ದರ ಸಿಕ್ಕಿತ್ತು. ನನ್ನ ಸೈಕಲ್ಲಿನ ಸ್ಪ್ರಿಂಗ್ ಫೋರ್ಕು ಮಳೆಗಾಲ ಕಳೆದ ಮೇಲೆ ಕೊಟ್ಟಿಗೆ ಬಾಗಿಲಿನ ಹಾಗೆ ಕಿರುಗುಡುತ್ತಿತ್ತು. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಏರ್ ಫೋರ್ಕು ಕಂಡಿತು, ತರಿಸಿದೆ. ಡಬ್ಬಿ ಬಂದ ದಿನ ಮನೆಮಂದಿಯೆಲ್ಲ ಜಗಲಿಯಲ್ಲಿ ಸುತ್ತ ನಿಂತಿದ್ದರು. ಹಳೇದನ್ನು ಬಿಚ್ಚಿ ಹೊಸದರ ಕೊಳವೆಯನ್ನು ಫ್ರೇಮಿನ ಕುತ್ತಿಗೆಯೊಳಗೆ ತೂರಿಸಿದೆ. ಅರ್ಧಕ್ಕಿಂತ ಹೆಚ್ಚು ಸಲೀಸಾಗಿ ಹೋಯಿತು, ಆಮೇಲೆ ನಿಂತೇಬಿಟ್ಟಿತು. ಗ್ರೀಸ್ ಹಚ್ಚಿದೆ, ತಿರುಗಿಸಿದೆ, ಬೆವರಿದೆ. ಅಪ್ಪಯ್ಯ ಕವಳದ ಬಟ್ಟಲು ಬದಿಗಿಟ್ಟು, "ಕೊಡ್ತಿ ತಗಂಡು ಒಂದು ಬಿಡು ಮಾರಾಯ" ಅಂದರು.

ಕೊಡತಿಗೆ ಕೈ ಹಾಕಲಿಲ್ಲ, ಪುಣ್ಯ. ಆಗಿದ್ದಿಷ್ಟೆ. ಹೊಸ ಫೋರ್ಕಿನ ಕೊಳವೆ ಮೇಲ್ತುದಿಯಲ್ಲಿ 28.6 ಮಿಲಿಮೀಟರ್, ಕೆಳಗೆ ಬರುತ್ತ ಬರುತ್ತ ದಪ್ಪವಾಗಿ ಒಂದೂವರೆ ಇಂಚು, ಅಂದರೆ 38.1. ಇಂಥದಕ್ಕೆ ಟೇಪರ್ಡ್ ಅನ್ನುತ್ತಾರೆ. ನನ್ನ ಫ್ರೇಮಿನ ಕುತ್ತಿಗೆಯ ಒಳವ್ಯಾಸ 34. ಮೂವತ್ತನಾಲ್ಕರ ತೂತಿಗೆ ಮೂವತ್ತೆಂಟರ ಕೊಳವೆ ಯಾವ ದೇವರಿಗೆ ಹರಕೆ ಹೊತ್ತರೂ ಇಳಿಯುವುದಿಲ್ಲ. ಅದೇ ಕುತ್ತಿಗೆ 44 ಇದ್ದಿದ್ದರೆ ಕೆಳಗಡೆ ಹೊರಗೆ ಕೂರುವ ಬೇರಿಂಗ್ ಬಟ್ಟಲು ಹಾಕಿ ಕೂರಿಸಬಹುದಿತ್ತು. ಇದೆಲ್ಲ ತಿಳಿಯುವ ಹೊತ್ತಿಗೆ ವಾಪಸು ಕಳಿಸುವ ಅವಧಿಯೂ ಮುಗಿದಿತ್ತು. ಈ ಫೋರ್ಕು ಇವತ್ತಿನವರೆಗೆ ಒಂದು ಸೈಕಲ್ಲನ್ನೂ ಏರಿಲ್ಲ, ಇಂಥ ಸಭೆಗಳಿಗೆ ಮಾತ್ರ ಹೋಗಿಬರುತ್ತದೆ.

ಆಗ ಹೊಳೆದ ಒಂದು ಮಾತನ್ನು ಹೇಳುವುದಕ್ಕೇ ಇವತ್ತು ಬಂದದ್ದು. ಸಾಮಾನು ಕೊಳ್ಳುವಾಗ ನಾವು ಸಾಮಾನಿನ ಗುಣ ನೋಡುತ್ತೇವೆ, ತೂಕ ನೋಡುತ್ತೇವೆ, ಯಾರೋ ವಿಡಿಯೋದಲ್ಲಿ ಹೊಗಳಿದ್ದು ನೋಡುತ್ತೇವೆ. ನಮ್ಮ ಫ್ರೇಮಿನ ತೂತು ಎಷ್ಟು ಅಂತ ನೋಡುವುದಿಲ್ಲ. ಸೈಕಲ್ಲಿಗೆ ಏನು ಬರಬೇಕು, ಏನು ಬರಬಾರದು ಅಂತ ತೀರ್ಮಾನ ಮಾಡುವುದು ಆ ತೂತುಗಳು. ಕುತ್ತಿಗೆ, ಪೆಡಲ್ ಕ್ರ್ಯಾಂಕ್ ಕೂರುವ ಜಾಗ, ಹಿಂದಿನ ಚಕ್ರ ಕೂರುವ ಎರಡು ಕಿವಿಗಳ ನಡುವಿನ ಅಂತರ, ಸೀಟಿನ ಕೊಳವೆ. ಇನ್ನೊಂದು ತೂತಲ್ಲ, ಖಾಲಿ ಜಾಗ: ಹಿಂದಿನ ಟಯರಿಗೂ ಫ್ರೇಮಿಗೂ ನಡುವೆ ಉಳಿಯುವ ಸಂದು.

ಕ್ರ್ಯಾಂಕ್ ಜಾಗ, ಅದಕ್ಕೆ ಬಿಬಿ ಅನ್ನುತ್ತಾರೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಲ್ಲಿ ಓಡಾಡುವ ಬಹುತೇಕ ಸೈಕಲ್ಲುಗಳದ್ದು ಮರೆ (ಸ್ಕ್ರೂವಿನ ಸುತ್ತುಗೆರೆ) ಇರುವ ಬಿಎಸ್‌ಎ ಅಳತೆ, ಅಗಲ 68 ಅಥವಾ 73 ಮಿಲಿಮೀಟರ್. ಚೈನಿನ ಕಡೆಯ ಬಟ್ಟಲಿಗೆ ಎಡಮರೆ, ಅಂದರೆ ಉಲ್ಟಾ ತಿರುಗಿಸಿ ಬಿಚ್ಚಬೇಕು ಅನ್ನುವುದನ್ನು ನೆನಪಿಡಿ. ನಾನು ಅದನ್ನು ಮರೆತು ಪಾನಾಕ್ಕೆ ನೀರಿನ ಪೈಪು ಸಿಕ್ಕಿಸಿ, ಅದರ ಮೇಲೆ ನಿಂತು, ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿ ಮಾಡಿದ್ದೇನೆ. ಮರೆ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್‌ಫಿಟ್ ಫ್ರೇಮುಗಳೂ ಇವೆ. ನಮ್ಮ ಆಷಾಢದ ಕೆಸರಿಗೆ ಅವು ಬೇಗ ಕಿರಿಕಿರಿ ಶುರು ಮಾಡುತ್ತವೆ. ಎರಡು ಫ್ರೇಮುಗಳ ನಡುವೆ ಆಯ್ಕೆ ಬಂದರೆ ನಾನು ಮರೆ ಇರುವುದನ್ನೇ ಎತ್ತಿಕೊಳ್ಳುತ್ತೇನೆ.

ಹಿಂದಿನ ಚಕ್ರದ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಇಲ್ಲಿ ಹುಡುಗರ ದುಡ್ಡು ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು. ಕ್ವಿಕ್ ರಿಲೀಸ್, ಅಂದರೆ ಚಕ್ರ ಬಿಚ್ಚಲು ಲಿವರ್ ಇರುವ ಸಾಮಾನ್ಯ ಮೌಂಟನ್ ಬೈಕಿನಲ್ಲಿ ಕಿವಿಗಳ ಅಂತರ 135 ಮಿಲಿಮೀಟರ್. ಆಮೇಲೆ ಬಂದ, ದಪ್ಪ ಎಕ್ಸೆಲನ್ನು ಕಿವಿಯ ತೂತಿನೊಳಗಿಂದ ತೂರಿಸುವ ಥ್ರೂ ಆ್ಯಕ್ಸಲ್ ಫ್ರೇಮುಗಳಲ್ಲಿ 142, ಅದರ ನಂತರದ ಬೂಸ್ಟ್ ಎಂಬ ಅಳತೆಯಲ್ಲಿ 148. ಮುಂದಿನ ಚಕ್ರಕ್ಕೆ 100 ಇದ್ದದ್ದು ಬೂಸ್ಟಿನಲ್ಲಿ 110 ಆಯಿತು. "ಒಳ್ಳೆ ಚಕ್ರ ಸೆಕೆಂಡ್ ಹ್ಯಾಂಡ್ ಸಿಕ್ಕಿತು" ಅಂತ 148ರ ಚಕ್ರ ತಂದು 135ರ ಫ್ರೇಮಿನಲ್ಲಿ ಕಿವಿ ಅಗಲಿಸಿ ತುರುಕಲು ಹೋದರೆ, ಉಕ್ಕಿನ ಫ್ರೇಮು ಸ್ವಲ್ಪ ಸಹಿಸೀತು. ಅಲ್ಯೂಮಿನಿಯಂ ಅಲ್ಲೇ ಬಿರುಕು ಬಿಡುತ್ತದೆ.

ಇನ್ನು ಗೇರಿನ ಹಲ್ಲುಗಳು ಚಕ್ರಕ್ಕೆ ಕೂರುವ ರೀತಿ. ಅಗ್ಗದ ಏಳು ಗೇರಿನ ಸೈಕಲ್ಲಿನಲ್ಲಿ ಫ್ರೀವೀಲು ಚಕ್ರದ ನಡುವಿನ ಹಬ್ಬಿನ ಮರೆಗೆ ತಿರುಗಿಸಿ ಕೂರಿಸಿದ್ದು, ನಮ್ಮ ಅಪ್ಪಂದಿರ ಅಟ್ಲಾಸ್ ಸೈಕಲ್ಲಿನ ಹಾಗೆ. ಅದರಲ್ಲಿ ಬಲಗಡೆಯ ಬೇರಿಂಗು ಫ್ರೀವೀಲಿನ ಒಳಮಗ್ಗುಲಿಗೆ ಇರುತ್ತದೆ, ಅಲ್ಲಿಂದ ಆಚೆ ಎಕ್ಸೆಲು ಆಧಾರವಿಲ್ಲದೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕಲ್ಲಿನಿಂದ ಕಲ್ಲಿಗೆ ಧುಮುಕುವಾಗ ಎಕ್ಸೆಲು ಬಾಗುವುದು, ಮುರಿಯುವುದು ಅಲ್ಲೇ. ಕ್ಯಾಸೆಟ್, ಅಂದರೆ ಮರೆ ಇಲ್ಲದೆ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಕಂತೆ ಇರುವ ಹಬ್ಬಿನಲ್ಲಿ ಬೇರಿಂಗು ಹೊರತುದಿಯ ಹತ್ತಿರ ಹೋಗುತ್ತದೆ, ಎಕ್ಸೆಲು ನಿಶ್ಚಿಂತೆಯಿಂದಿರುತ್ತದೆ. ನಿಮ್ಮದು ಯಾವುದು ಅಂತ ತಿಳಿಯಲು ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ನಟ್ಟಿನ ಸುತ್ತ ಉಪಕರಣ ಕೂರುವ ಗೀರುಗಳೂ ಹಲ್ಲಿನ ಜೊತೆ ತಿರುಗಿದರೆ ಕ್ಯಾಸೆಟ್. ಗೀರುಗಳು ನಿಂತಲ್ಲೇ ನಿಂತು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲು. ಫ್ರೀವೀಲಿನವರು ದುಬಾರಿ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಮಾನು) ಕೊಳ್ಳಬೇಡಿ. ದುಡ್ಡು ಇದ್ದರೆ ಮೊದಲು ಹಿಂದಿನ ಚಕ್ರ ಬದಲಿಸಿ.

ಕ್ಯಾಸೆಟ್ ಇದ್ದವರಿಗೆ ಒಂದು ಸಮಾಧಾನದ ಸುದ್ದಿ. ಗೇರು, ಬ್ರೇಕು ಮಾಡುವ ಶಿಮಾನೊ ಕಂಪನಿಯ ಎಚ್‌ಜಿ ಎಂಬ ಹಳೇ ಹಬ್ ಬಾಡಿ, ಅಂದರೆ ಕ್ಯಾಸೆಟ್ ಕೂರುವ ಭಾಗ, ಇನ್ನೂ ಜೀವಂತ ಇದೆ. ಅದರ ಮೇಲೆ 8, 9, 10 ಗೇರಿನ ಕ್ಯಾಸೆಟ್ಟುಗಳು ಕೂರುತ್ತವೆ, 11-51 ಹಲ್ಲಿನ ಹನ್ನೊಂದು ಗೇರಿನ ಡಿಯೋರ್ ಕ್ಯಾಸೆಟ್ಟೂ ಕೂರುತ್ತದೆ. ಹತ್ತು ಹಲ್ಲಿನಿಂದ ಶುರುವಾಗುವ ಶಿಮಾನೊದ ಹನ್ನೆರಡು ಗೇರಿನವಕ್ಕೆ ಮಾತ್ರ ಮೈಕ್ರೋ ಸ್ಪ್ಲೈನ್ ಎಂಬ ಬೇರೆ ಬಾಡಿ ಬೇಕು. ಹಾಗೆಯೇ ಹ್ಯಾಂಡಲಿನ ಮೇಲೆ ಗೇರು ಬದಲಿಸುವ ಶಿಫ್ಟರು ಮತ್ತು ಡಿರೇಲರನ್ನು ಜೋಡಿಯಾಗಿಯೇ ಕೊಳ್ಳಿ. ಶಿಮಾನೊದ ಮೌಂಟನ್ ಸಾಲಿನಲ್ಲಿ 9 ಗೇರಿನವರೆಗೆ ಕೇಬಲ್ ಎಳೆಯುವ ಲೆಕ್ಕ ಒಂದು, 10ರಿಂದ ಲೆಕ್ಕ ಬೇರೆ. ಒಂಬತ್ತರ ಶಿಫ್ಟರಿಗೆ ಹತ್ತರ ಡಿರೇಲರ್ ಕಟ್ಟಿದರೆ ಒಂದು ಗೇರು ಸರಿ ಕೂತರೆ ಮುಂದಿನದು ಕೂರುವುದಿಲ್ಲ. ಎಷ್ಟು ಸ್ಕ್ರೂ ತಿರುಗಿಸಿದರೂ ಅಷ್ಟೆ.

ಇಲ್ಲೊಂದು ಭ್ರಮೆ ಬಿಡಿಸಬೇಕು. ಪೆಡಲಿನ ಹತ್ತಿರ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ದೊಡ್ಡ ಕ್ಯಾಸೆಟ್, ಇದೇ ಈಗಿನ ಫ್ಯಾಶನ್. ಒಳ್ಳೆಯದೇ, ಕೆಸರಿನಲ್ಲಿ ಕೈಕೊಡುವ ಮುಂದಿನ ಡಿರೇಲರ್ ಒಂದು ಕಮ್ಮಿಯಾಗುತ್ತದೆ. ಆದರೆ "ಏರು ಹಗುರಾಗುತ್ತದೆ" ಅಂತ ಹೇಳಿ ಮಾರುತ್ತಾರಲ್ಲ, ಅದನ್ನು ಭಾಗಿಸಿ ನೋಡಿ. ಮುಂದೆ ಮೂರು ಹಲ್ಲುಚಕ್ರ ಇರುವ ಹಳೇ ಸೈಕಲ್ಲಿನಲ್ಲಿ ಸಣ್ಣದು 24 ಹಲ್ಲು, ಹಿಂದೆ ದೊಡ್ಡದು 34 ಇದ್ದರೆ ಒಂದು ಸುತ್ತು ಪೆಡಲಿಗೆ ಚಕ್ರ 0.71 ಸುತ್ತು. ಹೊಸದರಲ್ಲಿ ಮುಂದೆ 32, ಹಿಂದೆ 42 ಆದರೆ 0.76. ಅಂದರೆ ಹಳೇದೇ ಹಗುರ! 46 ಹಲ್ಲಿನದು ಹಾಕಿದರೆ 0.70, ಆಗ ಹೆಚ್ಚುಕಮ್ಮಿ ಸಮ. ನಿಮ್ಮದು 14-28 ಹಲ್ಲಿನ ಏಳು ಗೇರಿನ ಫ್ರೀವೀಲಾದರೆ 14-34ರದ್ದೊಂದು ತಂದು ತಿರುಗಿಸಿ ಕೂರಿಸಿ, ಚೈನು ಸ್ವಲ್ಪ ಉದ್ದದ್ದು ಹಾಕಿ. ದೇವಿಮನೆ ಘಟ್ಟ ಹತ್ತುವಾಗ ಆಗುವ ವ್ಯತ್ಯಾಸ ಮೊಣಕಾಲಿಗೇ ತಿಳಿಯುತ್ತದೆ.

ಚಕ್ರದ ಅಳತೆಗೆ ಬರೋಣ. ಅಪ್ಪಂದಿರ ಕರೀ ಸೈಕಲ್ಲು 28 ಇಂಚಿನದು. ಈಗಿನ ದೊಡ್ಡ ಚಕ್ರದ ಮೌಂಟನ್ ಬೈಕು 29 ಇಂಚಿನದು. ಯಾವ ರಿಮ್ಮು ದೊಡ್ಡದು?

(ಹೆಚ್ಚಿನವರು "29" ಅಂದರು.)

ಅಲ್ಲ. ಟಯರ್ ಕೂರುವ ಅಂಚಿನ ವ್ಯಾಸ ನೋಡಿದರೆ 28ರ ಕರೀ ಸೈಕಲ್ಲಿಗೆ 635 ಮಿಲಿಮೀಟರ್, 29ಕ್ಕೆ 622. ಇಂಚಿನ ಲೆಕ್ಕ ಟಯರ್ ಗಾಳಿ ತುಂಬಿದ ಮೇಲಿನ ಅಂದಾಜು ಎತ್ತರದ್ದು, ಅದನ್ನು ನಂಬಿ ಅಂಗಡಿಗೆ ಹೋಗಬೇಡಿ. ಟಯರಿನ ಮಗ್ಗುಲಲ್ಲಿ ಸಣ್ಣಕ್ಕೆ 57-559, 54-584, 57-622 ಅಂತ ಒತ್ತಿರುತ್ತಾರೆ. ಮೊದಲಿನದು ಅಗಲ, ಎರಡನೆಯದು ಅಂಚಿನ ವ್ಯಾಸ. 26 ಇಂಚಿನ ಮೌಂಟನ್ ಬೈಕಿನದು 559. ಲೇಡೀಸ್ ಸೈಕಲ್ಲಿನ 26 ಗುಣಿಸು ಒಂದು ಮೂರೆಂಟಾಂಶ ಅಂತ ಬರೆದಿರುವುದು 590. ಎರಡಕ್ಕೂ ಹೆಸರು "ಇಪ್ಪತ್ತಾರು". ನಮ್ಮ ಪೇಟೆಯಲ್ಲಿ ನನ್ನ ಅಣ್ಣನ ಮಗ "26ರ ಟಯರ್ ಕೊಡಿ" ಅಂತ ಕೇಳಿ ತಂದದ್ದು 590ರದ್ದು. ರಿಮ್ಮಿನ ಮೇಲೆ ಅದು ಲುಂಗಿಯ ಹಾಗೆ ಸಡಿಲವಾಗಿ ನಿಂತಿತ್ತು. 27.5 ಅಂದರೆ 584. ಹೊಸ ಸಂಶೋಧನೆ ಅಂತ ಮಾರಿದರು, ಆದರೆ ಫ್ರಾನ್ಸಿನವರು 650ಬಿ ಅಂತ ಕರೆಯುತ್ತಿದ್ದ ಹಳೇ ಅಳತೆಯೇ ಅದು.

ಈ 559 ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಕತೆ ಇದೆ. ನಮ್ಮ ಕತೆಗೂ ಅದಕ್ಕೂ ನಂಟಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಹುಡುಗರು 1930-40ರ ದಶಕದ ಷ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದಿಂದ ಇಳಿಸುತ್ತಿದ್ದರು. ದಪ್ಪ ಬಲೂನ್ ಟಯರಿನ ಆ ಸೈಕಲ್ಲುಗಳ ಚಕ್ರವೇ ಈ ಇಪ್ಪತ್ತಾರು. 1976ರ ಅಕ್ಟೋಬರ್ 21ರಂದು ಅವರು ಒಂದು ಕಡಿದಾದ ಮಣ್ಣುದಾರಿಯಲ್ಲಿ ಮೊದಲ ಇಳಿಜಾರು ಪಂದ್ಯ ನಡೆಸಿದರು. ಪೆಡಲ್ ಹಿಂದಕ್ಕೆ ಒತ್ತಿದರೆ ಹಬ್ಬಿನೊಳಗೆ ಹಿಡಿಯುವ ಬ್ರೇಕು ಅವು. ಒಂದು ಇಳಿತಕ್ಕೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಬಿಚ್ಚಿ ಮತ್ತೆ ತುಂಬಬೇಕಿತ್ತು. ಅದಕ್ಕೇ ಆ ಪಂದ್ಯಕ್ಕೆ ರೀಪ್ಯಾಕ್ ಅನ್ನುವ ಹೆಸರು. ಬ್ರೇಕು ಸಾಲದಾದಾಗ ಮೋಟರ್‌ಸೈಕಲ್ಲಿನ ಬ್ರೇಕ್ ಲಿವರ್ ಹಾಕಿದರು, ಡಿರೇಲರ್ ಕಟ್ಟಿದರು. ಹಾಕುತ್ತ ಹಾಕುತ್ತ ಹೋದ ಹಾಗೆ ಸೋತದ್ದು ಫ್ರೇಮು. 1977-78ರಲ್ಲಿ ಅವರಲ್ಲೊಬ್ಬ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಫ್ರೇಮುಗಳನ್ನು ಬೆಸೆದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂತು, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೌಂಟನ್ ಬೈಕೇ ಹೋಯಿತು. ಅಪ್‌ಗ್ರೇಡ್ ಮಾಡುವವರೆಲ್ಲ ಒಂದಲ್ಲ ಒಂದು ದಿನ ಫ್ರೇಮಿನ ಗೋಡೆಗೆ ಹೋಗಿ ಹಾಯುತ್ತೇವೆ, ಅವರೂ ಹಾಯ್ದಿದ್ದರು.

ಸರಿ, ಈಗ ನಮ್ಮ ಮಳೆಗೆ ಬರೋಣ. ದುಡ್ಡು ಎಲ್ಲಿ ಮೊದಲು ಹಾಕಬೇಕು ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಯಾವುದನ್ನು ತಿನ್ನುತ್ತದೋ ಅಲ್ಲಿ. ಅದರ ಹಸಿವಿಗೆ ಮೊದಲ ತುತ್ತು ಬ್ರೇಕ್ ಪ್ಯಾಡು.

ಘಟ್ಟದ ಲೆಕ್ಕ ಕೇಳಿ. ಸವಾರ, ಸೈಕಲ್ಲು, ಬೆನ್ನಚೀಲ ಸೇರಿ 85 ಕಿಲೋ. 500 ಮೀಟರ್ ಎತ್ತರದಿಂದ ಕೆಳಗೆ ಇಳಿದರೆ ಕಳೆಯಬೇಕಾದ ಶಕ್ತಿ ನಾಲ್ಕು ಲಕ್ಷ ಜೂಲ್‌ಗಿಂತ ಸ್ವಲ್ಪ ಹೆಚ್ಚು. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟು ಶಾಖ ಅದು. ಸ್ವಲ್ಪ ಗಾಳಿಗೆ ಹೋಗುತ್ತದೆ, ಟಯರಿಗೆ ಹೋಗುತ್ತದೆ. ಬ್ರೇಕ್ ಹಿಡಿದುಕೊಂಡೇ ನಿಧಾನಕ್ಕೆ ಇಳಿಯುವವರಿಗೆ ಬಹುಪಾಲು ಡಿಸ್ಕ್ ಬ್ರೇಕಿನ ತಟ್ಟೆ ಮತ್ತು ಪ್ಯಾಡಿಗೇ. ಅದರ ನಡುವೆ ಕೆಮ್ಮಣ್ಣಿನ ಕೆಸರು ಸಾಣೆಯ ಪುಡಿಯ ಹಾಗೆ ಸೇರಿಕೊಂಡರೆ ಏನಾಗುತ್ತದೆ? ಒಂದು ಜುಲೈಯಲ್ಲಿ ಹೊಸ ಪ್ಯಾಡು ಹಾಕಿಕೊಂಡು ಯಾಣದ ಕಡೆಯ ಮಣ್ಣುದಾರಿ ಸುತ್ತಿ ಸಂಜೆ ಮನೆಗೆ ಬಂದು ನೋಡಿದರೆ ಹಿಂದಿನ ಪ್ಯಾಡಿನಲ್ಲಿ ಉಳಿದದ್ದು ಉಗುರಿನ ದಪ್ಪ. ಒಂದೇ ದಿನಕ್ಕೆ!

ಅದು ಆರ್ಗಾನಿಕ್ ಪ್ಯಾಡು, ರೆಸಿನ್ ಅಂತಲೂ ಅನ್ನುತ್ತಾರೆ. ಒಣ ದಿನಗಳಿಗೆ ಅದು ಮೆತ್ತಗೆ, ಸದ್ದಿಲ್ಲದೆ ಹಿಡಿಯುತ್ತದೆ. ಮಳೆಗಾಲಕ್ಕೆ ಮೆಟಲ್ ಪ್ಯಾಡು ಹಾಕಿ. ಕಿರುಚುತ್ತದೆ, ಆದರೆ ಬಾಳುತ್ತದೆ. ಹಾಕುವ ಮೊದಲು ತಟ್ಟೆಯ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಅಂತ ಕೊರೆದಿದೆಯೋ ನೋಡಿ. ಕೊರೆದಿದ್ದರೆ ಆ ತಟ್ಟೆಯ ಉಕ್ಕು ಮೆದು, ಮೆಟಲ್ ಪ್ಯಾಡು ಅದನ್ನು ತಿಂದುಹಾಕುತ್ತದೆ. ಆಗ ತಟ್ಟೆಯೂ ಬದಲಾಗಬೇಕು. ಬದಲಿಸುವುದೇ ಆದರೆ ಮುಂದಿನದನ್ನು 160 ಮಿಲಿಮೀಟರಿನಿಂದ 180ಕ್ಕೆ ಏರಿಸಬಹುದು. ಅದೇ ಬೆರಳಿನ ಒತ್ತಡಕ್ಕೆ ಎಂಟನೇ ಒಂದು ಪಾಲು ಹೆಚ್ಚು ಹಿಡಿತ ಸಿಗುತ್ತದೆ, ಜೊತೆಗೆ ಕಾವು ಹರಡಲು ಹೆಚ್ಚು ಜಾಗ. ಫೋರ್ಕು 180 ತಾಳುತ್ತದೆಯೋ ಅಂತ ಮೊದಲು ವಿಚಾರಿಸಿ.

ಕೇಬಲ್ ಬ್ರೇಕಿನವರು ಹೈಡ್ರಾಲಿಕ್‌ಗೆ ಹೋಗಬೇಕೇ? ನಮ್ಮ ಸೀಮೆಯಲ್ಲಿ ನಾನು ಹೌದು ಅನ್ನುತ್ತೇನೆ. ಹೈಡ್ರಾಲಿಕ್ ನಳಿಗೆ ಮುಚ್ಚಿದ್ದು, ಒಳಗೆ ಕೆಸರು ಹೋಗುವುದಿಲ್ಲ. ಕೇಬಲ್ಲಿನ ಹೊದಿಕೆಯೊಳಗೆ ಶ್ರಾವಣದ ಹೊತ್ತಿಗೆ ತುಕ್ಕಿನ ಗಂಜಿ ಸೇರಿರುತ್ತದೆ. ಎಣ್ಣೆಯ ವಿಷಯದಲ್ಲಿ ಮಾತ್ರ ಹುಷಾರು. ಶಿಮಾನೊ, ಟೆಕ್ಟ್ರೋಗಳದ್ದು ಮಿನರಲ್ ಆಯಿಲ್. ಸ್ರ್ಯಾಮ್ ಬ್ರೇಕುಗಳಲ್ಲಿ ಹಲವಕ್ಕೆ ಡಾಟ್ ದ್ರವ, ಬೈಕ್ ಅಂಗಡಿಯಲ್ಲಿ ಸಿಗುವಂಥದ್ದು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಡಾಟ್ ದ್ರವ ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಗಾಳಿಯಲ್ಲಿ ತೇವಕ್ಕೇನು ಬರವೇ?

ಎರಡನೇ ತುತ್ತು ಚೈನು. ಇಲ್ಲಿ ನೋಡಿ, ಸಾಮಾನ್ಯ ಉಕ್ಕಿನ ಸ್ಕೇಲು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಇಪ್ಪತ್ತನಾಲ್ಕು ಕೊಂಡಿ ಎಣಿಸಿದರೆ ಹನ್ನೆರಡು ಇಂಚು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದು ಆಚೆ ತುದಿ ನೋಡುತ್ತೇನೆ. ಹನ್ನೆರಡರ ಗೆರೆಯಿಂದ ಪಿನ್ನು ಸುಮಾರು ಎಂಟನೇ ಒಂದು ಇಂಚು ಆಚೆ ಹೋಗಿದೆ. ಹದಿನಾರನೇ ಒಂದು ಇಂಚು ಹೋದಾಗಲೇ ಚೈನು ಬದಲಿಸಿದ್ದರೆ ಹಲ್ಲುಗಳು ಉಳಿಯುತ್ತಿದ್ದವು. ಎಂಟನೇ ಒಂದಕ್ಕೆ ಬಂದರೆ ಕ್ಯಾಸೆಟ್ಟೂ ಚೈನಿನ ಜೊತೆ ಸವೆದಿರುತ್ತದೆ, ಹೊಸ ಚೈನು ಹಾಕಿದರೆ ಅದರ ಮೇಲೆ ಹಾರುತ್ತದೆ. ಚೈನಿಗೆ ಹಳೇ ಎಂಜಿನ್ ಆಯಿಲ್ ಸುರಿಯುವವರು ಇಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ಗೊತ್ತು. ಅದು ಮಣ್ಣನ್ನು ಕರೆದು ಕೂರಿಸಿಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಂದೊಂದು ರೋಲರಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ.

ಟಯರಿನ ಬಗ್ಗೆ ಎರಡೇ ಮಾತು. ಅಪ್‌ಗ್ರೇಡುಗಳಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಫಲ ಕೊಡುವುದು ಒಳ್ಳೆ ಟಯರು, ಫೋರ್ಕಲ್ಲ. ಮಳೆಗಾಲಕ್ಕೆ ಗುಬುಟುಗಳು ದೂರ ದೂರ ಇರುವಂಥದ್ದು ತೆಗೆದುಕೊಳ್ಳಿ, ಹತ್ತಿರ ಹತ್ತಿರ ಇದ್ದರೆ ಮಣ್ಣು ಮೆತ್ತಿ ಟಯರು ಹೋಳಿಗೆಯ ಕಣಕದ ಹಾಗೆ ನುಣ್ಣಗಾಗುತ್ತದೆ. ಫ್ರೇಮಿನ ಸಂದಿನಲ್ಲಿ ಎರಡೂ ಕಡೆ ಅರ್ಧ ಬೆರಳಾದರೂ ಜಾಗ ಉಳಿಯಬೇಕು, ಇಲ್ಲವಾದರೆ ಮಣ್ಣಿನ ಜೊತೆ ದರಕೂ ಸೇರಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಬಿದಿರುಮುಳ್ಳಿನ ಕಾಟ ಇದ್ದವರಿಗೆ ಟ್ಯೂಬ್‌ಲೆಸ್ ವರ. ಆದರೆ ಒಳಗಿನ ಹಾಲಿನಂಥ ಸೀಲಂಟು ಸೆಕೆಗೆ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು. ಪೆಟ್ರೋಲ್ ಬಂಕಿನ ಹುಡುಗ ಅರವತ್ತು ಪಿಎಸ್‌ಐ ತುಂಬಿಕೊಟ್ಟಿದ್ದರೆ ಅರ್ಧ ಬಿಡಿ. 70 ಕಿಲೋದ ಸವಾರನಿಗೆ ಅಗಲ ಟಯರಿನಲ್ಲಿ ಮೂವತ್ತರ ಆಸುಪಾಸು ಸಾಕು.

(ಮುಂದಿನ ಸಾಲಿನಲ್ಲಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ನನ್ನದು 26 ಇಂಚಿನದು. ಅದಕ್ಕೆ 27.5ರ ಚಕ್ರ ಹಾಕಲಿಕ್ಕೆ ಬರ್ತದಾ?")

ಡಿಸ್ಕ್ ಬ್ರೇಕ್ ಇದೆಯಾ ತಂಗಿ? ಇದ್ದರೆ ಪ್ರಯತ್ನಿಸಬಹುದು. ರಿಮ್ ಹಿಡಿಯುವ ಬ್ರೇಕಾದರೆ ಬೇಡ, ರಬ್ಬರು ರಿಮ್ಮಿಗೆ ತಾಗುವ ಜಾಗವೇ ತಪ್ಪುತ್ತದೆ. 584ರಲ್ಲಿ 559 ಕಳೆದರೆ 25, ಅದರ ಅರ್ಧ ಹನ್ನೆರಡೂವರೆ ಮಿಲಿಮೀಟರ್. ಟಯರಿನ ಅಂಚು ಎಲ್ಲ ಕಡೆ ಅಷ್ಟು ಹೊರಗೆ ಬರುತ್ತದೆ. ಈಗ ನಿನ್ನ ಟಯರಿನಿಂದ ಫೋರ್ಕಿನ ಕಮಾನಿಗೆ, ಹಿಂದೆ ಬಿಬಿಯ ಹತ್ತಿರದ ಅಡ್ಡಪಟ್ಟಿಗೆ ಎಷ್ಟು ಸಂದಿದೆ ಅಳೆ. ಇಪ್ಪತ್ತು ಮಿಲಿಮೀಟರ್ ಇಲ್ಲದಿದ್ದರೆ ಕೈಬಿಡು. ಇದ್ದರೂ ನಾನಾದರೆ ಆ ದುಡ್ಡಿಗೆ ಎರಡು ಒಳ್ಳೆ 26ರ ಟಯರು ಕೊಳ್ಳುತ್ತಿದ್ದೆ.

ಫೋರ್ಕಿಗೆ ಬರುತ್ತೇನೆ, ಎಲ್ಲರೂ ಅದಕ್ಕೇ ಕಾದಿದ್ದೀರಿ. ಸೈಕಲ್ಲಿನ ಜೊತೆ ಬಂದ ಸ್ಪ್ರಿಂಗ್ ಫೋರ್ಕು ಎರಡೂವರೆ ಕಿಲೋ ತೂಗುತ್ತದೆ, ನಿಮ್ಮ ತೂಕ ಎಷ್ಟಿದ್ದರೂ ಅದರ ಸ್ಪ್ರಿಂಗು ಒಂದೇ. ಏರ್ ಫೋರ್ಕಿನಲ್ಲಿ ಗಾಳಿ ಹೆಚ್ಚುಕಮ್ಮಿ ಮಾಡಿ ನಿಮ್ಮ ತೂಕಕ್ಕೆ ಹೊಂದಿಸಬಹುದು, ಒಳಗಿನ ಎಣ್ಣೆ ಮರಳುವ ವೇಗಕ್ಕೆ ಲಗಾಮು ಹಾಕುತ್ತದೆ. ನಿಜಕ್ಕೂ ಒಳ್ಳೆಯದು. ಆದರೆ ಫೋರ್ಕು 80 ಮಿಲಿಮೀಟರ್ ಮೇಲೆಕೆಳಗೆ ಕುಣಿಯಲೆಂದು ಮಾಡಿದ ಫ್ರೇಮಿಗೆ 120ರ ಫೋರ್ಕು ಹಾಕಬೇಡಿ. ಪ್ರತಿ 20 ಮಿಲಿಮೀಟರಿಗೆ ಕುತ್ತಿಗೆಯ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಅದಕ್ಕಿಂತ ಮುಖ್ಯ, ಉದ್ದನೆಯ ಫೋರ್ಕು ಸನ್ನೆಗೋಲಿನ ಹಾಗೆ ಕುತ್ತಿಗೆಯ ಬೆಸುಗೆಯನ್ನು ಮೀಟುತ್ತದೆ. ಹದಿನೈದು ಸಾವಿರದ ಸೈಕಲ್ಲಿಗೆ ಹದಿನೆಂಟು ಸಾವಿರದ ಫೋರ್ಕು ಹಾಕಹೊರಟವರು ಒಮ್ಮೆ ಕೂತು ಯೋಚಿಸಿ. ಫೋರ್ಕು, ಅದರ ಥ್ರೂ ಆ್ಯಕ್ಸಲಿಗೆ ಹೊಸ ಹಬ್ಬು, ಹಬ್ಬಿಗೆ ಕಡ್ಡಿ ಕಟ್ಟುವ ಕೂಲಿ ಎಲ್ಲ ಕೂಡಿಸಿದರೆ ಆ ದುಡ್ಡಿಗೆ ಒಳ್ಳೆ ಫ್ರೇಮಿನ ಇಡೀ ಸೆಕೆಂಡ್ ಹ್ಯಾಂಡ್ ಸೈಕಲ್ಲೇ ಬರುತ್ತದೆ. ನಡುವೆ ಸ್ಪ್ರಿಂಗ್ ಇಟ್ಟ ಅಗ್ಗದ ಡಬಲ್ ಶಾಕರ್ ಸೈಕಲ್ಲುಗಳ ಬಗ್ಗೆ ಕೇಳಲೇಬೇಡಿ. ತುಳಿದ ಅರ್ಧ ಬಲ ಸ್ಪ್ರಿಂಗಿಗೇ ನೈವೇದ್ಯ.

ಹ್ಯಾಂಡಲು ಅಗಲ ಮಾಡುವುದು, ಹ್ಯಾಂಡಲನ್ನು ಹಿಡಿಯುವ ಸ್ಟೆಮ್ಮು ಗಿಡ್ಡ ಮಾಡುವುದು ಅಗ್ಗದ, ಬುದ್ಧಿವಂತ ಬದಲಾವಣೆ. ನಾನು 760 ಮಿಲಿಮೀಟರಿನ ಹ್ಯಾಂಡಲು ಹಾಕಿದೆ, ಇಳಿತದಲ್ಲಿ ಭರವಸೆ ಬಂತು. ಮನೆಯ ದಣಪೆಯಲ್ಲಿ ಮಾತ್ರ ಎರಡು ಸಲ ಬೆರಳು ಜಜ್ಜಿಕೊಂಡೆ, ಆಮೇಲೆ ಎರಡೂ ಕಡೆ ಇಪ್ಪತ್ತು ಇಪ್ಪತ್ತು ಕತ್ತರಿಸಿದೆ.

ಹಳೇ ಫ್ರೇಮು ಕೊಳ್ಳುವವರಿಗೆ. ಹಗಲು ಬೆಳಕಿನಲ್ಲೇ ನೋಡಿ. ಕುತ್ತಿಗೆಗೆ ಕೆಳಗಿನ ಕೊಳವೆ ಕೂಡುವ ಬೆಸುಗೆಯ ಅಡಿಭಾಗ, ಸೀಟಿನ ಕೊಳವೆಯ ಬಾಯಿ, ಬಿಬಿಯ ಹಿಂದೆ, ಚಕ್ರದ ಕಿವಿಗಳು, ಈ ನಾಲ್ಕು ಕಡೆ ಹತ್ತಿಬಟ್ಟೆ ಸವರಿ. ಕೂದಲೆಳೆಯ ಬಿರುಕಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ಉಕ್ಕಿನ ಫ್ರೇಮು ಬಿರಿದರೆ ಬೆಸೆಯಬಹುದು. ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಹೆಚ್ಚು ಬಳಕೆಯ 6061 ಮಿಶ್ರಲೋಹ ಬೆಸುಗೆಯ ಕಾವಿಗೆ ಅಕ್ಕಪಕ್ಕದಲ್ಲೆಲ್ಲ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ಬೆಸೆದ ಮೇಲೆ ಅದನ್ನು ಮತ್ತೆ ಕಾಯಿಸಿ ಹದ ಮಾಡುತ್ತಾರೆ. ಗೇಟು ಬೆಸೆಯುವ ಅಂಗಡಿಯಲ್ಲಿ ಆ ಹದ ಇಲ್ಲ. ಅಳತೆಗೆ ಸೀಟು ಕೊಳವೆಯ "17 ಇಂಚು, 19 ಇಂಚು" ಮಾತ್ರ ನಂಬಬೇಡಿ, ರೀಚ್ ಎಷ್ಟು ಅಂತ ನೋಡಿ. ಅದು ಬಿಬಿಯ ನೇರದಿಂದ ಕುತ್ತಿಗೆಯ ಮೇಲ್ತುದಿಯವರೆಗಿನ ಅಡ್ಡಳತೆ. ಸೀಟು ಹಿಂದೆಮುಂದೆ ಸರಿಸಿ ಎಷ್ಟು ಸರಿತೂಗಿಸಿದರೂ ಪೆಡಲ್ ಮೇಲೆ ಎದ್ದು ನಿಂತಾಗ ಸಿಗುವ ಜಾಗ ಬದಲಾಗುವುದಿಲ್ಲ. ಡಿರೇಲರ್ ತೂಗುವ ಹ್ಯಾಂಗರ್ ಎಂಬ ಸಣ್ಣ ತುಂಡು ಆ ಮಾದರಿಗೆ ಇನ್ನೂ ಸಿಗುತ್ತದೆಯೋ ಅಂತ ಕೊಳ್ಳುವ ಮೊದಲೇ ಹುಡುಕಿ, ಸಿಕ್ಕರೆ ಎರಡು ತರಿಸಿಟ್ಟುಕೊಳ್ಳಿ. ಕಲ್ಲಿಗೆ ಬಡಿದರೆ ಡಿರೇಲರ್ ಉಳಿಸಿ ತಾನು ಮುರಿಯಲಿಕ್ಕೇ ಅದು ಇರುವುದು.

(ಕಾರವಾರದಿಂದ ಬಂದ ಹಿರಿಯರೊಬ್ಬರು: "ನನ್ನ ಸೀಟಿನ ಪೈಪು ಎರಡು ವರ್ಷದಿಂದ ಅಲ್ಲಾಡುತ್ತಿಲ್ಲ. ಮೊಮ್ಮಗನಿಗೆ ಕೊಡಬೇಕು ಅಂದರೆ ಸೀಟು ಇಳಿಯೋದೇ ಇಲ್ಲ.")

ಫ್ರೇಮು ಯಾವುದು ರಾಯರೇ, ಉಕ್ಕಿನದೋ? ಪೈಪು ಅಲ್ಯೂಮಿನಿಯಂ? ಹಾಗಾದರೆ ಇದು ಕಡಲಿನ ಕೆಲಸ. ಇಲ್ಲಿ ತೋಟದವರು ಬಹಳ ಜನ ಇದ್ದೀರಿ, ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕೋ ಸಾಲದೋ ಅಂತ ನೋಡಲು ಹೊಳೆಯುವ ಕತ್ತಿ ಅದ್ದುತ್ತೀರಲ್ಲ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ, ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಲೋಹ ಲೋಹಗಳ ನಡುವೆ ಅಂಥದೇ ಒಂದು ಕೊಡುಕೊಳ್ಳು ನಿಮ್ಮ ಸೀಟು ಕೊಳವೆಯಲ್ಲೂ ನಡೆದಿದೆ. ಉಕ್ಕು, ಅಲ್ಯೂಮಿನಿಯಂ ಎರಡೂ ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕರಗತೊಡಗುತ್ತದೆ. ಕರಗಿದ್ದು ಬಿಳಿ ಪುಡಿಯಾಗಿ, ಮೊದಲಿಗಿಂತ ಹೆಚ್ಚು ಜಾಗ ಹಿಡಿದು, ಬೆಣೆ ಹೊಡೆದ ಹಾಗೆ ಕಚ್ಚಿಕೊಳ್ಳುತ್ತದೆ.

ಬಿಡಿಸುವ ದಾರಿ: ಕ್ಲ್ಯಾಂಪು ಪೂರ್ತಿ ತೆಗೆಯಿರಿ. ಸೈಕಲ್ಲು ತಲೆಕೆಳಗು ಮಾಡಿ ಬಿಬಿ ಬಿಚ್ಚಿ ಆ ತೂತಿನಿಂದ ಸೀಟು ಕೊಳವೆಯೊಳಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಮಾರನೇ ದಿನ ಪೈಪಿನೊಳಗೆ ಮಂಜುಗಡ್ಡೆ ತುಂಬಿ. ತಂಪಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಕುಗ್ಗುತ್ತದೆ. ಮೀನು ಪೇಟೆ ಹತ್ತಿರ ಇರುವವರಿಗೆ ಮಂಜುಗಡ್ಡೆಗೆ ತಾಪತ್ರಯ ಇಲ್ಲವಲ್ಲ. ಆಮೇಲೆ ಪೈಪಿನ ತಲೆಯನ್ನು ವೈಸಿನಲ್ಲಿ ಕಚ್ಚಿಸಿ, ಫ್ರೇಮನ್ನೇ ಸ್ಟಿಯರಿಂಗಿನ ಹಾಗೆ ತಿರುಗಿಸಿ. ಎಳೆಯಬೇಡಿ, ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಪೈಪು ಕತ್ತರಿಸಿ, ಒಳಗಿನಿಂದ ಗರಗಸದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳುವುದೊಂದೇ ಉಳಿಯುವುದು. ಮೂರು ತಾಸಿನ ಕೆಲಸ, ನಾನು ಮಾಡಿದ್ದೇನೆ, ಇನ್ನೊಮ್ಮೆ ಮಾಡಲಾರೆ. ಹೊಸ ಪೈಪು ತರುವಾಗ ಹಳೇದರ ಮೇಲೆ ಕೊರೆದ ಸಂಖ್ಯೆ ನೋಡಿ, 27.2, 30.9, 31.6 ಅಂತ ಇರುತ್ತದೆ. 30.9ರ ಫ್ರೇಮಿಗೆ 31.6 ಹೋಗುವುದಿಲ್ಲ, 31.6ರ ಫ್ರೇಮಿಗೆ 30.9 ಹಾಕಿ ಬಿಗಿದರೆ ಕೊಳವೆಯ ಬಾಯಿ ಸೀಳುತ್ತದೆ. ಗ್ರೀಸ್ ಬಳಿದು ಕೂರಿಸಿ, ಕರಾವಳಿಯವರು ತಿಂಗಳಿಗೊಮ್ಮೆ ಎಳೆದು ಒರೆಸಿ ಮತ್ತೆ ಬಳಿಯಿರಿ. ಹೊಯ್ಗೆಯ ಮೇಲೆ ಸೈಕಲ್ಲು ಓಡಿಸಿ ಬಂದ ದಿನ ಬಾವಿಯ ಸಿಹಿನೀರು ಮೆಲ್ಲಗೆ ಹುಯ್ದು ತೊಳೆಯಿರಿ. ಗಾಡಿ ತೊಳೆಯುವ ಪ್ರೆಶರ್ ಪೈಪು ಹಿಡಿದರೆ ನೀರು ಬೇರಿಂಗಿನೊಳಗೇ ಹೋಗುತ್ತದೆ.

ಮಾತು ಸಾಕು. ಹೊರಗೆ ಜಗಲಿಯಲ್ಲಿ ನಿಮ್ಮ ಸೈಕಲ್ಲುಗಳು ನಿಂತಿವೆ. ವರ್ನಿಯರ್, ಅಲೆನ್ ಕೀ, ಒಂದು ಡಬ್ಬಿ ಗ್ರೀಸ್ ತಂದಿದ್ದೇನೆ. ಒಬ್ಬೊಬ್ಬರೇ ಬನ್ನಿ, ಅಳೆದು ಒಂದು ಚೀಟಿಯಲ್ಲಿ ಬರೆದುಕೊಳ್ಳೋಣ. ಕುತ್ತಿಗೆ, ಬಿಬಿ, ಹಿಂದಿನ ಅಂತರ, ಸೀಟು ಕೊಳವೆ, ಟಯರಿನ ಎರಡು ಸಂಖ್ಯೆ.

(ಊಟದ ಹೊತ್ತಿಗೆ ಹನ್ನೊಂದು ಸೈಕಲ್ಲು ಅಳೆದೆವು. ಎರಡರ ಸೀಟಿನ ಪೈಪು ಹೊರಗೆ ಬರಲಿಲ್ಲ. ಒಂದು ಕಾರವಾರದ ರಾಯರದ್ದು. ಇನ್ನೊಂದು ಶಿರಸಿಯದೇ, ಕೊಳ್ಳುವಾಗ ಅಂಗಡಿಯಲ್ಲಿ ಏರಿಸಿಕೊಟ್ಟ ಸೀಟನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಎರಡಕ್ಕೂ ಎಣ್ಣೆ ಬಿಟ್ಟು ತಲೆಕೆಳಗಾಗಿ ನಿಲ್ಲಿಸಿ ಊಟಕ್ಕೆ ಹೋದೆವು.)